ಫ್ರೆಡ್ಡಿ ನೆನಪಿನ ಸಂಜೆಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನವೆಂಬರ್ 24ಕ್ಕೆ ನಿಮ್ಮ ಹಾಸ್ಟೆಲ್‌ನಲ್ಲಿ ಬ್ರಿಟಿಷ್ ರಾಕ್ ತಂಡ ಕ್ವೀನ್‌ನ ಗಾಯಕ ಫ್ರೆಡ್ಡಿ ಮರ್ಕ್ಯುರಿ ನೆನಪಿನ ಸಂಜೆ ಮಾಡ್ತೀರಿ ಅಂತ ಕಳಿಸಿದ ಹಾಡಿನ ಪಟ್ಟಿ ನೋಡಿದೆ. ಹನ್ನೆರಡು ಹಾಡು ಜಾಸ್ತಿ ಆಯಿತು, ಐದು ಸಾಕು. ಒಬ್ಬ ಹುಡುಗ ಮೀಸೆ ಅಂಟಿಸಿಕೊಂಡು ಅವನ ಹಾಗೆ ಕಿರುಚೋದು, ಮಿಕ್ಕವರು ಫೋನ್ ಎತ್ತಿ ಹಿಡಿಯೋದು, ಇಷ್ಟೇ ಆದರೆ ಅದಕ್ಕೆ ಹಾಲ್ ಯಾಕೆ ಬೇಕು? ಕ್ವೀನ್ ತಂಡದ ಹಾಡುಗಳಲ್ಲಿ ಕೇಳುವವರಿಗೂ ಒಂದು ಪಾಲಿದೆ. ಆ ಪಾಲನ್ನು ಜನಕ್ಕೆ ಬಿಟ್ಟುಕೊಡಿ.

ನಿನ್ನ ಪಟ್ಟಿಯಲ್ಲಿ ಎರಡು ಅವನು ಬರೆದದ್ದಲ್ಲ. 'ವಿ ವಿಲ್ ರಾಕ್ ಯು' ಗಿಟಾರಿನ ಬ್ರಯಾನ್ ಮೇಯದು, 'ರೇಡಿಯೊ ಗಾ ಗಾ' ಡ್ರಮ್ಸಿನ ರೋಜರ್ ಟೇಲರ್‌ನದು. ತೆಗೆಯಬೇಕಿಲ್ಲ. ಆದರೆ 'ಫ್ರೆಡ್ಡಿ ಬರೆದ ಹಾಡು' ಅಂತ ಮೈಕಿನಲ್ಲಿ ಹೇಳಿಬಿಟ್ಟರೆ, ಗೊತ್ತಿರೋನು ಒಬ್ಬ ಇದ್ದೇ ಇರುತ್ತಾನೆ, ಸಂಜೆಯೆಲ್ಲ ಅದನ್ನೇ ಆಡಿಕೊಳ್ಳುತ್ತಾನೆ.

'ವಿ ವಿಲ್ ರಾಕ್ ಯು'ದಿಂದ ಶುರು ಮಾಡಿ. ಸುಲಭ ಅಂತ ಕಾಣುತ್ತೆ, ಕೆಡೋದೂ ಇದೇ. ನಾಲ್ಕು ಅಕ್ಷರದ ಸುತ್ತು: ಎರಡು ಸಲ ಕಾಲು, ಒಂದು ಚಪ್ಪಾಳೆ, ಒಂದು ಖಾಲಿ. ಜನ ಆ ಖಾಲಿಯನ್ನು ನುಂಗಿಬಿಡುತ್ತಾರೆ, ಹಾಡು ಓಡೋಕೆ ಶುರುವಾಗುತ್ತೆ, ಎರಡನೇ ಚರಣಕ್ಕೆ ಬರೋಷ್ಟರಲ್ಲಿ ಹಾಡುವವನಿಗೆ ಮಾತು ಬಾಯಲ್ಲಿ ಹಿಡಿಸೋದಿಲ್ಲ. ಮೆಟ್ರೊನೋಮ್, ಅಂದರೆ ಲಯ ಹಿಡಿಯೋ ಯಂತ್ರ, ನಿಮಿಷಕ್ಕೆ 81 ಟಿಕ್‌ಗೆ ಇಡು, ಒಂದು ಟಿಕ್‌ಗೆ ಎರಡು ಅಕ್ಷರ. ಒಂದು ಸುತ್ತಿಗೆ ಸುಮಾರು ಒಂದೂವರೆ ಸೆಕೆಂಡು ಬರುತ್ತೆ. ತಾಳ ಹಾಕಿಸುವವಳು ವೇದಿಕೆ ಮೇಲೆ ಬೇಡ, ಹಾಲ್‌ನ ನಡುವೆ ಬೆಂಚಿನ ಮೇಲೆ ನಿಲ್ಲಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ ಹೋಗೋದು. ಮೂವತ್ತು ಮೀಟರ್ ಹಿಂದೆ ನಿಂತವರು ಕಿವಿ ನಂಬಿ ಚಪ್ಪಾಳೆ ಹೊಡೆದರೆ ಮುಂದಿನವರಿಗಿಂತ ಹೆಚ್ಚುಕಮ್ಮಿ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಕೈ ನೋಡಿ ಹೊಡೀರಿ, ಕೇಳಿ ಹೊಡೀಬೇಡಿ ಅಂತ ಮೊದಲೇ ಹೇಳು. ತಮಾಷೆ ಏನೆಂದರೆ, 1977ರ ರೆಕಾರ್ಡಿಂಗ್‌ನಲ್ಲಿ ಬ್ರಯಾನ್ ಈ ತಡವನ್ನು ಬೇಕಂತಲೇ ಹಾಕಿದ. ಭೌತಶಾಸ್ತ್ರ ಓದಿದವನು; ಒಂದೇ ಸದ್ದನ್ನು ಬೇರೆ ಬೇರೆ ತಡದಲ್ಲಿ ಮತ್ತೆ ಮತ್ತೆ ಕೂಡಿಸಿ ಕೆಲವೇ ಜನರನ್ನು ದೊಡ್ಡ ಜನಸಂದಣಿ ಮಾಡಿದ. ಆ ಕಾಲಿನ ಸದ್ದಿಗೆ ಡ್ರಮ್ಸೇ ಇಲ್ಲ, ಸ್ಟುಡಿಯೊದಲ್ಲಿ ಬಿದ್ದಿದ್ದ ಹಳೇ ಹಲಗೆಗಳನ್ನು ತುಳಿದದ್ದು. ನಿಮ್ಮ ಗ್ರಾನೈಟ್ ನೆಲದ ಮೇಲೆ ಚಪ್ಪಲಿ ಕಾಲಿನ ಸದ್ದು ಏಳೋದೇ ಇಲ್ಲ. ಎರಡು ಪ್ಲೈವುಡ್ ಶೀಟ್ ತಂದು, ಅಂಚಿನ ಕೆಳಗೆ ಮರದ ಪಟ್ಟಿ ಕೊಟ್ಟು ನೆಲದಿಂದ ಒಂದಿಂಚು ಎತ್ತರಿಸಿ. ಮುಂದಿನ ಸಾಲಿನವರು ಶೂ ಹಾಕಿಕೊಂಡು ಅದನ್ನು ತುಳಿಯಲಿ.

'ರೇಡಿಯೊ ಗಾ ಗಾ'ಗೆ ಏನೂ ಹೇಳಿಕೊಡಬೇಕಿಲ್ಲ. 1985ರ ಜುಲೈ 13ರ ಲೈವ್ ಏಡ್ ಸಂಗೀತ ಕಛೇರಿಯ ವಿಡಿಯೊ ಎರಡು ನಿಮಿಷ ತೋರಿಸು, ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಆ ಸಾವಿರಾರು ಕೈ ಏಳೋದನ್ನು ನೋಡಿದರೆ ಚಪ್ಪಾಳೆ ತಾನಾಗೇ ಬರುತ್ತೆ.

'ಲವ್ ಆಫ್ ಮೈ ಲೈಫ್' ಅವನದೇ, 1975ರದು. ಆಲ್ಬಮ್‌ನಲ್ಲಿ ಎಫ್ ಶ್ರುತಿ, ಪಿಯಾನೊ, ಹಾರ್ಪ್ ಎಲ್ಲ ಇದೆ. ವೇದಿಕೆಗೆ ಬಂದಾಗ ಡಿ ಶ್ರುತಿಗೆ ಇಳಿಸಿ, ಬ್ರಯಾನ್‌ನ 12 ತಂತಿಯ ಗಿಟಾರ್ ಒಂದರ ಮೇಲೇ ಹಾಡುತ್ತಿದ್ದರು. ನೀವೂ ಆ ರೂಪವನ್ನೇ ಹಿಡೀರಿ. 6 ತಂತಿಯದೇ ಸಾಕು. ಹುಡುಗಿಯರ ದನಿ ಹೆಚ್ಚಿದ್ದರೆ ಗಿಟಾರ್ ಕತ್ತಿನ ಎರಡನೇ ಫ್ರೆಟ್‌ಗೆ ಕ್ಯಾಪೊ, ಅಂದರೆ ತಂತಿ ಒತ್ತಿ ಹಿಡಿಯೋ ಕ್ಲಿಪ್, ಹಾಕಿದರೆ ಇ ಶ್ರುತಿ ಸಿಗುತ್ತೆ. 1981ರಲ್ಲಿ ಅರ್ಜೆಂಟಿನಾ, ಬ್ರೆಜಿಲ್‌ಗಳಲ್ಲಿ ಫ್ರೆಡ್ಡಿ ಸುಮ್ಮನಾಗಿಬಿಟ್ಟ, ಸ್ಪ್ಯಾನಿಷ್, ಪೋರ್ಚುಗೀಸ್ ಮಾತಾಡುವ ಜನ ಇಂಗ್ಲಿಷಿನಲ್ಲಿ ಹಾಡಿದರು. ಇಲ್ಲಿ ಆಗುವ ತಪ್ಪು ಒಂದೇ: ಮುಂದೆ ನಿಂತವನಿಗೆ ಸುಮ್ಮನಾಗೋಕೆ ಆಗೋದಿಲ್ಲ. ಅವನು ಸಣ್ಣಗೆ ಗುನುಗಿದರೂ ಜನ ಅವನನ್ನೇ ಕೇಳುತ್ತಾ ನಿಲ್ಲುತ್ತಾರೆ. ಎರಡನೇ ಚರಣಕ್ಕೆ ಮೈಕ್ ಪೂರ್ತಿ ಕೆಳಗಿಳಿಸಲಿ, ಜನ ಹಾಡಬೇಕಾದ ಸಾಲು ಮಾತ್ರ ಪರದೆ ಮೇಲೆ ಬರಲಿ.

'ಬೊಹೀಮಿಯನ್ ರ‍್ಯಾಪ್ಸೊಡಿ'ಯನ್ನು ಆದಿಯಿಂದ ಅಂತ್ಯದವರೆಗೆ ನೀವೇ ಹಾಡೋ ಆಸೆ ಬಿಡು. 5 ನಿಮಿಷ 55 ಸೆಕೆಂಡಿನ ಹಾಡಿನಲ್ಲಿ ನಡುವಿನ ಆಪೆರಾ ಭಾಗಕ್ಕೆ ಫ್ರೆಡ್ಡಿ, ಬ್ರಯಾನ್, ರೋಜರ್ ಮೂವರೇ ಪದರದ ಮೇಲೆ ಪದರ ಹಾಡಿದರು. 24 ಟ್ರ್ಯಾಕಿನ ಟೇಪನ್ನು ಮತ್ತೆ ಮತ್ತೆ ಓಡಿಸಿ ಓಡಿಸಿ, ಕೊನೆಗೆ ಅದು ಬೆಳಕು ಹಾಯುವಷ್ಟು ಸವೆದಿತ್ತಂತೆ. ಅವರೇ ಅದನ್ನು ವೇದಿಕೆ ಮೇಲೆ ಹಾಡುತ್ತಿರಲಿಲ್ಲ. ಟೇಪ್ ಹಾಕಿ ಒಳಗೆ ಹೋಗಿ, ಗಿಟಾರ್ ಅಬ್ಬರಿಸುವ ಜಾಗಕ್ಕೆ ಓಡಿ ಬರುತ್ತಿದ್ದರು. ನೀವೂ ಹಾಗೇ ಮಾಡಿ. ಆ ಆಪೆರಾ ಭಾಗವನ್ನು 3:03ರಿಂದ 4:07ರವರೆಗೆ ಕತ್ತರಿಸಿ ಬೇರೆ ಫೈಲ್ ಇಟ್ಟುಕೊಳ್ಳಿ, 4:07ಕ್ಕೆ ಸರಿಯಾಗಿ ನೀವು ಸೇರಿ. ಗಿಟಾರುಗಳನ್ನು ಆ ರೆಕಾರ್ಡಿಂಗ್‌ಗೇ ಶ್ರುತಿ ಮಾಡಿ, ಬರೀ ಟ್ಯೂನರ್ ನಂಬಬೇಡಿ. ಡ್ರಮ್ಸ್ ಹುಡುಗನಿಗೆ ಹೆಡ್‌ಫೋನ್ ಕೊಡಿ. ಹಾಲ್‌ನಲ್ಲಿ ಜನ ಕೂಗುವಾಗ ಅವನಿಗೆ ಫೈಲ್ ಕೇಳಿಸೋದಿಲ್ಲ, ಅರ್ಧ ಲಯ ತಡವಾಗಿ ಸೇರುತ್ತಾನೆ. ಫೈಲ್ ಹಾಕೋ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ.

'ಸಮ್‌ಬಡಿ ಟು ಲವ್' ಈ ಸಲ ಬೇಡ. ಹತ್ತು ಜನ ಕೂತು ಅಭ್ಯಾಸ ಮಾಡಿದ ಕೋರಸ್ ಇಲ್ಲದೆ ಅದು ನಿಲ್ಲೋದಿಲ್ಲ. 1992ರ ಏಪ್ರಿಲ್ 20ರಂದು ವೆಂಬ್ಲಿಯ ಸ್ಮರಣೆ ಕಛೇರಿಯಲ್ಲಿ ಜಾರ್ಜ್ ಮೈಕೆಲ್ ಹಾಡಿದ್ದನ್ನು ಊಟದ ಹೊತ್ತಿಗೆ ಪರದೆ ಮೇಲೆ ಹಾಕಿ, ಅಷ್ಟು ಸಾಕು.

ಕೊನೆಗೆ 'ವಿ ಆರ್ ದ ಚಾಂಪಿಯನ್ಸ್'. ಚರಣ ತಗ್ಗಿನಲ್ಲಿ ಶುರುವಾಗುತ್ತೆ, ಅದನ್ನು ನಂಬಿ ಮೇಲಿನ ಶ್ರುತಿ ಹಿಡಿದರೆ ಪಲ್ಲವಿಯಲ್ಲಿ ಗಂಟಲು ಹರಿಯುತ್ತೆ. ಫ್ರೆಡ್ಡಿಗೇ ಗಂಟಲಲ್ಲಿ ಗಂಟುಗಳಿದ್ದವು. ಪ್ರವಾಸದಲ್ಲಿ ಎಷ್ಟೋ ರಾತ್ರಿ ಮೇಲಿನ ಸ್ವರ ಬಿಟ್ಟು ಕೆಳಗಿನದನ್ನೇ ಹಾಡುತ್ತಿದ್ದ. ಹಾಡುವ ಹುಡುಗ ನಾಚಿಕೊಳ್ಳಬೇಕಿಲ್ಲ. ಅವನ ಆ ಗರಗರ ದನಿಯನ್ನು ಅನುಕರಿಸೋಕಂತೂ ಹೋಗಬಾರದು. 2016ರಲ್ಲಿ ಯುರೋಪಿನ ಧ್ವನಿ ವಿಜ್ಞಾನಿಗಳು ಅಳೆದು ನೋಡಿದಾಗ ಅವನ ಮಾತಿನ ದನಿ ಸುಮಾರು 117 ಹರ್ಟ್ಸ್, ಅಂದರೆ ಬ್ಯಾರಿಟೋನ್, ಗಂಡಸರ ನಡುಮಟ್ಟದ ದನಿ. ಹಾಡುವಾಗ ಸ್ವರ ತೂಗಾಡೋದು (ವೈಬ್ರಾಟೊ) ಸೆಕೆಂಡಿಗೆ 7 ಸಲದಷ್ಟು, ಸಾಮಾನ್ಯ ಗಾಯಕರಿಗಿಂತ ಚುರುಕು. ಅದು ಒಂದು ವಾರದ ಅಭ್ಯಾಸಕ್ಕೆ ಬರುವಂಥದ್ದಲ್ಲ, ದನಿ ಮಾತ್ರ ಕೂತುಹೋಗುತ್ತೆ.

ಅವನ ಅರ್ಧ ಮೈಕ್ ಸ್ಟ್ಯಾಂಡ್ ಬೇಕು ಅಂದಿದ್ದೆಯಲ್ಲ, ನೇರ ಸ್ಟ್ಯಾಂಡಿನ ಮೇಲಿನ ಕೊಳವೆ ಬಿಚ್ಚಿಕೊಂಡರೆ ಆಯಿತು. ಕೇಬಲ್ಲನ್ನು ಕೊಳವೆಗೆ ಎರಡು ಕಡೆ ಟೇಪ್ ಹಾಕಿ ಬಿಗಿ, ಇಲ್ಲದಿದ್ದರೆ ಬೀಸುವಾಗ ಕಿತ್ತು ಬರುತ್ತೆ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಅದು ಹಿಂದಿನ ಸದ್ದನ್ನೂ ಎಳೆದುಕೊಂಡು ಕೀಂ ಅನ್ನುತ್ತೆ. ಸ್ಪೀಕರ್‌ಗಳು ಹಾಡುವವರ ಮುಂದಿರಲಿ. ಬಾಯಿಂದ ನಾಲ್ಕು ಬೆರಳು ದೂರ, ಮೇಲಿನ ಸ್ವರಕ್ಕೆ ಒಂದು ಗೇಣು.

ಅವನ ಬಗ್ಗೆ ಮಾತು ಮೂರು ನಿಮಿಷ ದಾಟಬಾರದು. ಹುಟ್ಟು 1946ರ ಸೆಪ್ಟೆಂಬರ್ 5, ಜಾಂಜಿಬಾರ್. ಪಾರ್ಸಿ ಮನೆತನ, ಹೆಸರು ಫರ್ರೋಖ್ ಬುಲ್ಸಾರಾ. ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ 'ಹೆಕ್ಟಿಕ್ಸ್' ತಂಡಕ್ಕೆ ಪಿಯಾನೊ. 'ನಮ್ಮವನು' ಅಂತ ಎಳೆದಾಡೋದು ಅಷ್ಟಕ್ಕೇ ಸಾಕು, ಅವನಂತೂ ಆ ಮಾತು ತೆಗೆಯುತ್ತಿದ್ದುದೇ ಕಡಿಮೆ. ಸತ್ತದ್ದು ಹೇಗೆ ಅನ್ನೋದನ್ನು ಮಾತ್ರ ಮುಚ್ಚಬೇಡ. ತನಗೆ ಏಡ್ಸ್ ಇದೆ ಅಂತ 1991ರ ನವೆಂಬರ್ 23ರಂದು ಹೇಳಿಕೆ ಕೊಟ್ಟ, ಮರುದಿನ ಸಂಜೆ ಲಂಡನ್ನಿನ ಮನೆಯಲ್ಲಿ ಹೋದ, 45 ವರ್ಷ. ಹಲವು ಔಷಧಿ ಕೂಡಿಸಿ ಕೊಡುವ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ. ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಗಳಲ್ಲಿ ಆ ಮಾತ್ರೆ ಉಚಿತ. ಪೋಸ್ಟರಿನ ಕೆಳಗೆ 1097 ಅಂತ ಏಡ್ಸ್ ಸಹಾಯವಾಣಿ ನಂಬರ್ ಹಾಕಿಸು, ದಪ್ಪ ಅಕ್ಷರದಲ್ಲಿ.

ರಿಹರ್ಸಲ್ ಎರಡು ಸಲ ಮಾಡಿ. ಒಂದು ಇಡೀ ಬ್ಯಾಂಡಿಗೆ, ಇನ್ನೊಂದು ಬರೀ ಆ 4:07ಕ್ಕೆ.

ಅಪ್ಪ