ಡಬ್ಬಿ ತೆಗೆದ ಮಾವಶಿಗೆ, ಮತ್ತೆ ಉಳಿದವರಿಗೆ

ಈ 2025ರ ಜೂನ್‌ಗೆ ನನ್ನ ಮಗಳು ಒಂದನೇ ತರಗತಿಗೆ ಹೋಗುತ್ತಾಳೆ. ಯೂನಿಫಾರ್ಮ್ ಹೊಲಿಯಲು ಕೊಟ್ಟಾಗಿದೆ. ಅಳತೆ ತೆಗೆದುಕೊಳ್ಳುವಾಗ ಟೇಲರ್ ಕಾಕಾನಿಗೆ ತನ್ನ ಹೆಸರು, ಊರು, ನಮ್ಮ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲ ಹೇಳಿಬಂದಳು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಎರಡೂವರೆ ವರ್ಷದ ಹಿಂದೆ ಇದೇ ಹುಡುಗಿ ಮನೆಯ ಹೊಸ್ತಿಲು ದಾಟಿದರೆ ಬಾಯಿ ಬಿಡುತ್ತಿರಲಿಲ್ಲ. ಆ ಎರಡೂವರೆ ವರ್ಷಕ್ಕೆ ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಅವಳು ಹುಟ್ಟಿದ್ದು 2019ರ ಆಗಸ್ಟ್‌ನಲ್ಲಿ. ಏಳು ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್. ಮುಂದಿನ ಎರಡು ವರ್ಷ ಅವಳ ಪ್ರಪಂಚ ಅಂದರೆ ಬೆಳಗಾವಿಯ ಅನಗೋಳದ ನಮ್ಮ ಎರಡು ಕೋಣೆ, ನಾವಿಬ್ಬರು, ಅಜ್ಜ, ಅಜ್ಜಿ ಮತ್ತು ಪಕ್ಕದ ಮನೆಯ ಮರಾಠಿ ಕಾಕು. ಹೊರಗಿನವರನ್ನು ಅವಳು ನೋಡಿದ್ದೇ ಮಾಸ್ಕ್ ಹಾಕಿಕೊಂಡ ಮುಖಗಳಲ್ಲಿ. ಮನೆಯೊಳಗೆ ಅರಳು ಹುರಿದ ಹಾಗೆ ಮಾತು. ಹಾಗಾಗಿ ನಮಗೆ ಏನೂ ಗೊತ್ತಾಗಲಿಲ್ಲ.

2022ರ ಜೂನ್‌ನಲ್ಲಿ ಮನೆ ಹತ್ತಿರದ ಒಂದು ನರ್ಸರಿಗೆ ಹಾಕಿದೆವು. ಅದಕ್ಕೆ ನಾನು ಭರ್ಜರಿ ತಯಾರಿ ಮಾಡಿಸಿದ್ದೆ. ಎ ಬಿ ಸಿ ಡಿ ಪೂರ್ತಿ, ಇಪ್ಪತ್ತರವರೆಗೆ ಅಂಕಿ, ಹಣ್ಣುಗಳ ಚಾರ್ಟ್ ಗೋಡೆ ಮೇಲೆ. ಮೂರು ತಿಂಗಳಿಗೆ ಅವರು ಕರೆದು ಹೇಳಿದರು, "ನಿಮ್ಮ ಮಗು ಇನ್ನೂ ಶಾಲೆಗೆ ರೆಡಿ ಇಲ್ಲ. ಮಾತೇ ಆಡಲ್ಲ. ಉಳಿದ ಮಕ್ಕಳಿಗೂ ತೊಂದರೆ." ಅಳು ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಆ ಕಥೆ ಇಲ್ಲಿಗೆ ಸಾಕು.

ಕಿವಿ ಪರೀಕ್ಷೆ ಮಾಡಿಸಿದೆವು, ಸರಿ ಇತ್ತು. ನಮ್ಮ ಮಕ್ಕಳ ಡಾಕ್ಟರಿಗೆ ಮೊದಲ ಥ್ಯಾಂಕ್ಸ್. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಂಥ ಜಾಗದಲ್ಲಿ ತಿಂಗಳುಗಟ್ಟಲೆ ಮೂಕವಾಗುವುದಕ್ಕೆ ಸೆಲೆಕ್ಟಿವ್ ಮ್ಯೂಟಿಸಮ್ ಅಂತ ಹೆಸರಿದೆ ಎಂದು ತಿಳಿಸಿದವರು ಅವರೇ. ಅದು ಹಟ ಅಲ್ಲ, ಭಯ. "ಮಾತಾಡು ಮಾತಾಡು ಅಂತ ಬೆನ್ನು ಹತ್ತಬೇಡಿ. ಮಾತಾಡಿದ ದಿನ ಹಬ್ಬವನ್ನೂ ಮಾಡಬೇಡಿ" ಎಂದರು. ಎರಡನೆಯದು ಯಾಕೆಂದು ಆಗ ತಿಳಿಯಲಿಲ್ಲ.

ಊರಿನ ಮಿಲಿಟರಿ ಕ್ಯಾಂಪ್ ಭಾಗದ ಚರ್ಚ್ ಆವರಣದಲ್ಲಿ ಒಂದು ಪುಟ್ಟ ಶಾಲೆ ಇದೆ ಅಂತ ಹೇಳಿದ್ದು ನಮ್ಮ ಆಟೋ ಕಾಕಾ. ಶಾಲೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಟೀಚರ್ ಬೇಡ ಎಂದಿದ್ದಾರೆ. "ಹೆಸರು ಹಾಕಿದ್ರೆ ಅಡ್ಮಿಶನ್‌ಗೆ ಸಾಲು ಹಚ್ತಾರೆ, ನಮ್ಮಲ್ಲಿ ಇರೋದು ಎರಡೇ ರೂಮು" ಅಂತ. ಮೂವತ್ತು ಮಕ್ಕಳು. ಕನ್ನಡ, ಮರಾಠಿ, ಕೊಂಕಣಿ, ಉರ್ದು ಮನೆಗಳವರು. ಮರಾಠಾ ಲೈಟ್ ಇನ್‌ಫಂಟ್ರಿಯ ಸೈನಿಕರ ಮಕ್ಕಳು ಹಿಂದಿಯಲ್ಲಿ ಜಗಳಾಡುತ್ತಾರೆ. ಟೀಚರ್ ಎಲ್ಲದರಲ್ಲೂ ಬೈಯಬಲ್ಲರು. ಆದರೆ ಬೈದದ್ದನ್ನು ನಾನು ಕೇಳಿಲ್ಲ.

ನಾವು ಹೋದಾಗ ವರ್ಷದ ಅರ್ಧ ಮುಗಿದಿತ್ತು. ಟೀಚರ್ ಮಗಳ ಕಡೆ ನೋಡಲೇ ಇಲ್ಲ. ಬೇಕಂತಲೇ ನೋಡಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನನ್ನ ಜೊತೆ ಮಾತಾಡುತ್ತ ಒಂದು ಮರದ ಕುದುರೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದರು. ನಾನು ನನ್ನ ಎ ಬಿ ಸಿ ಡಿ ವರದಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, "ಡಬ್ಬಿ ತಾನೇ ತೆಗೀತಾಳಾ?" ಎಂದರು.

ತೆಗೆಯುತ್ತಿರಲಿಲ್ಲ. ಖಡೇಬಝಾರ್‌ನಿಂದ ತಂದಿದ್ದ, ನಾಲ್ಕೂ ಕಡೆ ಕ್ಲಿಪ್ ಇರುವ ಗುಲಾಬಿ ಡಬ್ಬಿ ಅದು. "ಮನೆಗೆ ಹೋಗಿ ಎರಡೂ ಕೈಗೆ ಸಾಕ್ಸ್ ಹಾಕಿಕೊಂಡು ನೀವೇ ಒಮ್ಮೆ ತೆಗೆದು ನೋಡಿ" ಎಂದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೋಡಿದೆ. ಒಂದು ಕ್ಲಿಪ್ ತೆಗೆಯುವಷ್ಟರಲ್ಲಿ ಡಬ್ಬಿ ಕೈಯಿಂದ ಹಾರಿ ಗ್ಯಾಸ್ ಕಟ್ಟೆ ಕೆಳಗೆ ಬಿತ್ತು. ಮೂರು ವರ್ಷದ ಬೆರಳಿಗೆ ದಿನಾ ಹಾಗೇ ಆಗುತ್ತದಂತೆ. ಮಾರನೇ ದಿನ ಸಡಿಲ ಮುಚ್ಚಳದ ಸ್ಟೀಲ್ ಡಬ್ಬಿ ಬಂತು.

ಅಲ್ಲಿಂದ ಒಂದು ತಿಂಗಳು ನನಗೆ ಹೋಮ್‌ವರ್ಕ್. ಗುಂಡಿಯ ಚಡ್ಡಿ ಬೇಡ, ಇಲಾಸ್ಟಿಕ್ ಇರಲಿ. ಸುಸು ಬಂದರೆ ಹೇಳಲಾಗದ ಮಗು ತೋರಿಸಬಹುದಲ್ಲ, ಅದಕ್ಕೊಂದು ಕೈಸನ್ನೆ ಕಲಿಸಿ. ರಾತ್ರಿ ಒಂಬತ್ತಕ್ಕೆ ದೀಪ ಆರಲಿ. ವಾರಕ್ಕೆ ಮೂರು ಸಲ ಅವಳನ್ನು ಕಾಕು ಮನೆಯಲ್ಲಿ ಬಿಟ್ಟು ಹೋಗಿ, ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ತಾಸು. ಹೋಗುವಾಗ ಕಣ್ತಪ್ಪಿಸಿ ಮಾತ್ರ ಹೋಗಬೇಡಿ. "ಹೋಗಿ ಬರ್ತೀನಿ" ಅಂತ ಹೇಳಿ, ಅತ್ತರೂ ಹೇಳಿ. ಹೇಳಿದ ಹೊತ್ತಿಗೆ ಬನ್ನಿ. ನಾನು ಮೂರು ತಿಂಗಳು ದಿನಾ ಕಣ್ತಪ್ಪಿಸಿಯೇ ಹೋಗಿದ್ದವಳು. ಅಳು ನೋಡಲಾಗದು ಅಂತ. ತಲೆ ತಗ್ಗಿಸಿ ಬರೆದುಕೊಂಡೆ.

ಅಕ್ಷರದ ಮಾತು ಆ ಪಟ್ಟಿಯಲ್ಲಿ ಇರಲಿಲ್ಲ.

ಇನ್ನು ನಮ್ಮ ಅತ್ತೆ. ಅವರ ತಕರಾರು ಬೇರೆ. "ಅಲ್ಲಿ ಪ್ರಾರ್ಥನಾ ಮಾಡಸ್ತಾರಂತ. ನಮ್ಮ ದೇವ್ರು ಬೀರಪ್ಪ ಏನಂತಾನ?" ಮಾವ ಪೇಪರ್ ಓದುತ್ತಿದ್ದವರು ತಲೆ ಎತ್ತದೆ, "ನಾ ಓದಿದ್ದು ಬೆನನ್ ಸ್ಮಿತ್‌ನಾಗ. ಬೀರಪ್ಪ ಇನ್ನೂತನಕ ಏನೂ ಅಂದಿಲ್ಲ" ಎಂದರು. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ ಮಿಶನ್‌ನ ಪಾದ್ರಿಗಳು ಇಲ್ಲಿಗೆ ಬಂದದ್ದು 1820ರಲ್ಲಿ. ಬೆನನ್ ಸ್ಮಿತ್ ಶಾಲೆ 1832ರದ್ದು, ಸೇಂಟ್ ಪಾಲ್ಸ್ 1856ರದ್ದು. ನಮ್ಮೂರಲ್ಲಿ ಎಷ್ಟೋ ಮನೆಗಳ ಮೊದಲ ಇಂಗ್ಲಿಷ್ ಪದ ಮಿಶನ್ ಶಾಲೆಯಿಂದಲೇ ಬಂದದ್ದು. ಅಷ್ಟಾದರೂ ಅತ್ತೆ ಒಪ್ಪಲಿಲ್ಲ. ಟೀಚರ್‌ಗೆ ಹೇಳಿದೆ. ಬೇಜಾರಾಗುತ್ತಾರೇನೋ ಎಂದುಕೊಂಡಿದ್ದೆ. "ಅಜ್ಜಿಯನ್ನೇ ಒಂದು ದಿನ ಕರ್ಕೊಂಡು ಬನ್ನಿ, ಹಿಂದೆ ಕೂತು ನೋಡಲಿ. ಬಚ್ಚಿಡೋದು ಏನಿದೆ? ಬೆಳಿಗ್ಗೆ ಪ್ರಾರ್ಥನೆ, ಊಟಕ್ಕೆ ಮುಂಚೆ ಪ್ರಾರ್ಥನೆ, ದಿನಕ್ಕೊಂದು ಬೈಬಲ್ ಕಥೆ. ಇದು ಚರ್ಚಿನ ಶಾಲೆ. ಕೈ ಮುಗಿಯದ ಮಗುವಿಗೆ ಬಲವಂತ ಇಲ್ಲ" ಎಂದರು.

ಅತ್ತೆ ಹೋದರು. ಅವತ್ತಿನ ಕಥೆ ಕಳೆದುಹೋದ ಕುರಿಯದು. ಕಥೆ ಹೇಳಲು ಅವರಲ್ಲಿ ಒಂದು ಫ್ಲಾನಲ್ ಬೋರ್ಡ್ ಇದೆ. ಹಲಗೆಗೆ ಹಸಿರು ಬಟ್ಟೆ ಸುತ್ತಿರುತ್ತಾರೆ. ಕತ್ತರಿಸಿದ ಚಿತ್ರಗಳ ಹಿಂದೆ ಮರ ಉಜ್ಜುವ ಒರಟು ಪಾಲಿಶ್ ಪೇಪರ್ ತುಂಡು ಅಂಟಿಸಿರುತ್ತಾರೆ, ಅದು ಬಟ್ಟೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಕಥೆಯಲ್ಲಿ ನೂರು ಕುರಿ, ಬೋರ್ಡ್ ಮೇಲೆ ಏಳು. ಒಂದಕ್ಕೆ ಕಾಲಿಲ್ಲ. ಕುರುಬ ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕುತ್ತ ಹೊರಟ ಅಂತ ಟೀಚರ್ ಹೇಳುತ್ತಿದ್ದ ಹಾಗೆ ಹಿಂದಿನಿಂದ ದನಿ ಬಂತು. "ಉಳದವನ್ನ ಯಾರ ಕೈಯಾಗ ಬಿಟ್ಟ?"

ನಮ್ಮ ಅತ್ತೆಯ ತವರು ಗೋಕಾಕದ ಕಡೆ, ಕುರಿ ಕಾಯ್ದ ಮನೆ. "ಹಂಗ ಬಿಟ್ಟು ಹೋಗಂಗಿಲ್ರಿ ಟೀಚರ್. ಮತ್ತೊಬ್ಬ ಕಾಯಾಂವ ಇರತಾನ, ನಾಯಿ ಇರತದ. ಅದನ್ನೂ ಹೇಳ್ರಿ. ಇಲ್ಲಾಂದ್ರ ಉಳದ ಕುರಿ ಏನಾದ್ವು ಅಂತ ಹುಡುಗ್ರು ಹೆದರ್ತಾವ." ಸ್ವಲ್ಪ ತಡೆದು, "ಹೆಗಲ ಮ್ಯಾಲ ಹೊತ್ಕೊಂಡು ಬಂದದ್ದು ಮಾತ್ರ ಖರೆ. ಕಾಲು ನೊಂದ ಕುರಿ ಹಂಗ ತರೂದು" ಎಂದರಂತೆ. ಟೀಚರ್ ಅವತ್ತಿನಿಂದ ಕಥೆಗೆ ಒಂದು ನಾಯಿ ಸೇರಿಸಿದ್ದಾರೆ. ಅತ್ತೆಯ ತಕರಾರು ಅಲ್ಲಿಗೆ ಮುಗಿಯಿತು. ಬೈಬಲ್‌ನಲ್ಲಿ ಇಲ್ಲದ ನಾಯಿಯನ್ನು ಸೇರಿಸಲು ಒಪ್ಪಿದ ಟೀಚರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ ಅಲ್ವಾ?

ನವೆಂಬರ್‌ನಲ್ಲಿ ಸೇರಿದಳು. ಅಳು ಎಂಟು ದಿನಕ್ಕೆ ನಿಂತಿತು. ಮಾತು ಮಾತ್ರ ಬರಲಿಲ್ಲ. ಹಾಜರಿ ಕರೆದಾಗ ಉಳಿದ ಮಕ್ಕಳು "ಯೆಸ್ ಟೀಚರ್" ಎಂದರೆ ಇವಳು ಕೈ ಎತ್ತುವಂತೆ ನಿಯಮ ಮಾಡಿದರು. ಆಮೇಲೆ ಎಲ್ಲ ಮಕ್ಕಳಿಗೂ ಅದೇ ಬೇಕಾಯಿತು, ವಾರಗಟ್ಟಲೆ ಹಾಜರಿ ಮೂಕವಾಗೇ ನಡೆಯಿತು. ಕ್ರಿಸ್‌ಮಸ್ ನಾಟಕದಲ್ಲಿ ಇವಳದು ಕುರಿಯ ಪಾತ್ರ. ಮಾತಿಲ್ಲ, ಮಲಗಿರಬೇಕು. ನಿಜವಾಗಲೂ ನಿದ್ದೆ ಹೋದಳು. ದೇವದೂತನಾಗಿದ್ದ ಹುಡುಗ ಅವಳ ಬಾಲ ತುಳಿದರೂ ಏಳಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ದಿನದ ಸ್ಟೀಲ್ ಡಬ್ಬಿ ತೊಳೆದಿರಲಿಲ್ಲ. ಅತ್ತೆ ಗಡಿಬಿಡಿಯಲ್ಲಿ ಆ ಗುಲಾಬಿ ಕ್ಲಿಪ್ ಡಬ್ಬಿಗೇ ಚಪಾತಿ, ಶೇಂಗಾ ಚಟ್ನಿ ತುಂಬಿ ಕಳಿಸಿದರು. ನನಗೆ ಗೊತ್ತಾಗಿದ್ದರೆ ಜಗಳವೇ ಆಗುತ್ತಿತ್ತು. ಊಟದ ಹೊತ್ತಿಗೆ ಪ್ರಾರ್ಥನೆ ಮುಗಿದಿದೆ, ಎಲ್ಲರೂ ತಿನ್ನುತ್ತಿದ್ದಾರೆ, ಇವಳು ಕ್ಲಿಪ್ ಜೊತೆ ಒದ್ದಾಡುತ್ತಿದ್ದಾಳೆ. ಶಾಲೆಯ ಆಯಾ, ಎಲ್ಲರೂ ಮಾವಶಿ ಅನ್ನುವವರು, ನೀರಿನ ಲೋಟ ಇಡುತ್ತ ಪಕ್ಕದಲ್ಲಿ ಬಂದಾಗ ಡಬ್ಬಿ ಅವರ ಕಡೆ ಚಾಚಿ, "ಉಘಡ" ಎಂದಳಂತೆ. ತೆಗೆ ಅಂತ. ಮರಾಠಿಯಲ್ಲಿ! ಕನ್ನಡದ ಮನೆ ಹುಡುಗಿ ಶಾಲೆಯಲ್ಲಿ ಆಡಿದ ಮೊದಲ ಮಾತು ಮರಾಠಿ. ಬೆಳಗಾವಿಯಲ್ಲಿ ಇದನ್ನು ಜೋರಾಗಿ ಹೇಳಲೂ ಧೈರ್ಯ ಬೇಕು. ಕಾಕು ಮನೆಯ ಅರ್ಧ ತಾಸುಗಳ ಫಲ ಅದು.

ಮಾವಶಿ ಏನು ಮಾಡಿದರು ಅನ್ನುವುದಕ್ಕಾಗಿಯೇ ನಾನಿದನ್ನೆಲ್ಲ ಬರೆಯುತ್ತಿರುವುದು. ಅವರು ಚಪ್ಪಾಳೆ ತಟ್ಟಲಿಲ್ಲ. ಟೀಚರ್‌ನ ಕೂಗಲಿಲ್ಲ. ಮಗುವಿನ ಮುಖವನ್ನೂ ನೋಡಲಿಲ್ಲ. ನಾಲ್ಕು ಕ್ಲಿಪ್ ತೆಗೆದು, ಡಬ್ಬಿ ಮುಂದಿಟ್ಟು, ಮುಂದಿನ ಮಗುವಿಗೆ ನೀರು ಕೊಡಲು ಹೋದರು. ದಿನಾ ಆಗುವ ಕೆಲಸದ ಹಾಗೆ. ಆಮೇಲೆ ಹಿಂದಿನ ನಲ್ಲಿ ಹತ್ತಿರ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡರು ಅಂತ ಟೀಚರ್ ಹೇಳಿದರು. ಹಬ್ಬ ಮಾಡಬೇಡಿ ಎಂದು ಡಾಕ್ಟರ್ ಹೇಳಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಮಾವಶಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಊಟ ಮುಗಿದ ಮೇಲೆ ಮಗಳು ಮತ್ತೆ ಅವರ ಹತ್ತಿರ ಹೋಗಿ, ಮುಚ್ಚಳ ಹಾಕಿಸಿಕೊಂಡು ಇನ್ನೆರಡು ಮಾತಾಡಿದಳು. ಒಂದು ತಿಂಗಳಿಗೆ ಟೀಚರ್ ಜೊತೆ, ಮುಂದಿನ ಜೂನ್ ಹೊತ್ತಿಗೆ ಎಲ್ಲರ ಜೊತೆ. ಈಗ ನಿಲ್ಲಿಸುವುದೇ ಕಷ್ಟ.

ತನ್ನಿಂದಲೇ ಮೊಮ್ಮಗಳಿಗೆ ಮಾತು ಬಂತು ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ಇರಲಿ, ಅವರಿಗೂ ಥ್ಯಾಂಕ್ಸ್.

ಕೊನೆಯ ವರ್ಷ ಇನ್ನೊಂದು ಚಿಂತೆ ಹತ್ತಿತ್ತು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ. ಆಗಸ್ಟ್‌ನಲ್ಲಿ ಹುಟ್ಟಿದವರೆಲ್ಲ ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕೇನೋ ಅಂತ ತಾಯಂದಿರೆಲ್ಲ ಗೇಟಿನಲ್ಲಿ ಇದೇ ಮಾತು. "ಉಳಿದ್ರೆ ಉಳೀಲಿ, ಮಣ್ಣಲ್ಲಿ ಆಡೋದು ಇನ್ನೂ ಬಾಕಿ ಇದೆ" ಎಂದು ಟೀಚರ್ ನಕ್ಕರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಸರ್ಕಾರ 2025-26ರ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಸಿತು. ಹಾಗಾಗಿ ಈ ಹೊಸ ಯೂನಿಫಾರ್ಮ್.

ಆಟೋ ಕಾಕಾ, ಜೂನ್ ಜುಲೈನ ಜಡಿಮಳೆಯಲ್ಲಿ ನಿಮ್ಮ ರೇನ್‌ಕೋಟ್ ಮಕ್ಕಳ ಬ್ಯಾಗಿಗೆ ಹೊದಿಸಿ ನೀವು ನೆನೆಯುತ್ತಿದ್ದುದು ನನಗೆ ಗೊತ್ತು. ಕಾಕು, ನಿಮ್ಮ ಮರಾಠಿಗೆ. ಮಾವಶಿ, ನಿಮಗೆ ಒಂದು ಕಿಲೋ ಕುಂದಾ ತಂದಿದ್ದೆ, ನೀವು ಅದನ್ನೂ ಮೂವತ್ತು ಮಕ್ಕಳಿಗೆ ಹಂಚಿಬಿಟ್ಟಿರಿ. ಇನ್ನೊಂದು ತರುತ್ತೇನೆ, ಮನೆಗೇ ತಲುಪಿಸುತ್ತೇನೆ.

ಕೊನೆಯ ದಿನ ಅತ್ತೆ ಖಾಲಿ ಕೈಯಲ್ಲಿ ಬರಲಿಲ್ಲ. ತವರಿನ ಹಳೇ ಕರಿ ಕಂಬಳಿಯ ಅಂಚು ಕತ್ತರಿಸಿ ಒಂದು ಕುರಿ ಮಾಡಿದ್ದರು. ನಾಲ್ಕು ಕಾಲು, ಜೋತ ಕಿವಿ, ಥೇಟ್ ನಮ್ಮ ಕಡೆಯ ಕುರಿ. ಉಣ್ಣೆ ಒರಟಲ್ವಾ, ಪಾಲಿಶ್ ಪೇಪರ್ ಇಲ್ಲದೆಯೇ ಬೋರ್ಡ್‌ಗೆ ಗಟ್ಟಿಯಾಗಿ ಕಚ್ಚಿಕೊಂಡಿತು. ಟೀಚರ್‌ಗೆ ಬಹಳ ಇಷ್ಟವಾಯಿತು. ಅಲ್ಲೇ ಕಥೆ ಶುರು ಮಾಡಿ, ಆ ಕರಿ ಕುರಿಯನ್ನೇ ಕಿತ್ತು ಬೋರ್ಡ್‌ನ ಹಿಂದೆ ಬಚ್ಚಿಟ್ಟರು.

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆಯದು ಒಂದೇ ಗೊಣಗು. "ಅಷ್ಟು ಬಿಳೀ ಕುರಿ ಇದ್ವು. ಕಳೀಲಿಕ್ಕೆ ನಮ್ಮದ ಬೇಕಾಗಿತ್ತೇನು?"