ಶೆಲ್ಲಿ ಪ್ಲೇಟೊನನ್ನು ಓದಿದ ಬಗೆ

ಪ್ರೀತಿಯ ತಂಗಿಗೆ,

ತತ್ತ್ವಶಾಸ್ತ್ರ ಓದಿದರೆ ಕವಿತೆ ಒಣಗಿಹೋಗುತ್ತದೆಯೇ ಎಂದು ಕೇಳಿದ್ದೀಯ. ಮೇಲೆ ಮೇಲೆ ಓದಿದರೆ ಖಂಡಿತ ಒಣಗುತ್ತದೆ. ಮುಳುಗಿ ಓದಿದವರಲ್ಲಿ ನನಗೆ ಮೊದಲು ನೆನಪಾಗುವವನು ಇಂಗ್ಲಿಷ್ ಕವಿ ಶೆಲ್ಲಿ.

1818ರ ಜುಲೈನಲ್ಲಿ ಅವನು ಇಟಲಿಯ ಬಾನ್ಯಿ ದಿ ಲುಕ್ಕಾದಲ್ಲಿದ್ದ. ಸ್ವಂತ ಕಾವ್ಯ ಕೈಗೆ ಹತ್ತುತ್ತಿರಲಿಲ್ಲ. ಹಾಗೆಂದು ಸುಮ್ಮನಿರದೆ, ಬೆಳಗಿನ ಹೊತ್ತು ಕೂತು ತತ್ತ್ವಜ್ಞಾನಿ ಪ್ಲೇಟೊ ಪ್ರೇಮವನ್ನು ಕುರಿತು ಬರೆದ ‘ಸಿಂಪೋಸಿಯಂ’ ಸಂವಾದವನ್ನು ಗ್ರೀಕಿನಿಂದ ಇಂಗ್ಲಿಷಿಗೆ ತಂದ. ಒಂದು ದೇಹದ ಚೆಲುವಿನಿಂದ ಹೊರಟ ಪ್ರೇಮ ಮೆಟ್ಟಿಲು ಮೆಟ್ಟಿಲಾಗಿ ಏರಿ ಅಳಿಯದ ಸೌಂದರ್ಯವನ್ನೇ ಕಾಣುತ್ತದೆ ಎಂಬ, ಡಿಯೋಟಿಮಾ ಎನ್ನುವ ಜ್ಞಾನಿ ಹೆಣ್ಣಿನ ಉಪದೇಶ ಅದರಲ್ಲಿದೆ. ಈ ಹಸಿವು ಅವನಿಗೆ ಹೊಸದಲ್ಲ. ಕಣ್ಣಿಗೆ ಕಾಣದ ಸೌಂದರ್ಯವನ್ನು ಕುರಿತು 1816ರಲ್ಲೇ ಸ್ತೋತ್ರ ಬರೆದಿದ್ದ. ತನ್ನದೇ ಪ್ರಶ್ನೆ ಹೊತ್ತು ಹೋದವನಿಗೆ ಮಾತ್ರ ಪ್ಲೇಟೊ ದಕ್ಕುತ್ತಾನೆ.

1821ರಲ್ಲಿ ಕವಿ ಕೀಟ್ಸ್ ರೋಮಿನಲ್ಲಿ ತೀರಿಕೊಂಡಾಗ ಶೆಲ್ಲಿ ಬರೆದ ಶೋಕಗೀತೆ ‘ಅಡೊನೈಸ್’ ನೋಡು. ಒಂದು ಉಳಿಯುತ್ತದೆ, ಹಲವು ಅಳಿಯುತ್ತವೆ ಎಂಬಲ್ಲಿಯವರೆಗೆ ಅದು ಪ್ಲೇಟೊನ ಮಾತು. ಮರುಕ್ಷಣವೇ ಬದುಕು ಬಣ್ಣಬಣ್ಣದ ಗಾಜಿನ ಗುಮ್ಮಟವಾಗಿ, ನಿತ್ಯದ ಬಿಳಿ ಬೆಳಕಿಗೆ ಬಣ್ಣ ಬಳಿಯುತ್ತದೆ. ಆ ಗಾಜು ಶೆಲ್ಲಿಯದು. ಸಾವು ಅದನ್ನು ಪುಡಿ ಮಾಡುವ ಸಾಲಿಗೆ ಬಂದಾಗ ನನಗೆ ಈಗಲೂ ಮೈ ನವಿರೇಳುತ್ತದೆ.

ಗುರುವಿನ ಮುಂದೆ ಅವನು ತಲೆಯನ್ನಂತೂ ಒಪ್ಪಿಸಲಿಲ್ಲ. ಆದರ್ಶ ರಾಜ್ಯದಿಂದ ಕವಿಗಳನ್ನು ಹೊರಗಟ್ಟಿದವನು ಪ್ಲೇಟೊ. ಅವನ ‘ಅಯಾನ್’ ಸಂವಾದದಲ್ಲಿ ಅಯಸ್ಕಾಂತಕ್ಕೆ ಒಂದರ ಹಿಂದೊಂದು ಅಂಟಿ ತೂಗುವ ಕಬ್ಬಿಣದ ಬಳೆಗಳ ಉಪಮೆ ಬರುತ್ತದೆ: ದೈವದ ಸೆಳೆತ ಕವಿಗೆ, ಕವಿಯಿಂದ ವಾಚಕನಿಗೆ, ಅವನಿಂದ ಕೇಳುಗನಿಗೆ. ಕವಿಗೆ ತಿಳಿವಿಲ್ಲ, ಬರೀ ಆವೇಶ ಎಂದು ತೋರಿಸಲು ಆ ಸಂವಾದದಲ್ಲಿ ಮಾತಾಡುವ ಸಾಕ್ರಟೀಸ್ ಇದನ್ನು ಬಳಸುತ್ತಾನೆ. ಕಾವ್ಯದ ಕಾಲ ಮುಗಿಯಿತೆಂದು ಗೆಳೆಯ ಪೀಕಾಕ್ ಬರೆದಾಗ, ಶೆಲ್ಲಿ ‘ಎ ಡಿಫೆನ್ಸ್ ಆಫ್ ಪೊಯಟ್ರಿ’ ಪ್ರಬಂಧದಲ್ಲಿ ಅದೇ ಸರಪಳಿಯನ್ನು ಕೈಗೆತ್ತಿಕೊಂಡು ಕವಿಗಳ ಹಿರಿಮೆಗೆ ಸಾಕ್ಷಿಯಾಗಿ ನಿಲ್ಲಿಸಿದ. ಸಾಲದೆಂಬಂತೆ, ಪ್ಲೇಟೊನೇ ಮೂಲತಃ ಕವಿ ಎಂದ!

ಪ್ರಭಾವ ಎಂದರೆ ನನಗೆ ಇದೇ. ಕವಿತೆಗೆ ದೊಡ್ಡ ಹೆಸರುಗಳನ್ನು ಮುಡಿಸುವ ನಿನ್ನ ಅಭ್ಯಾಸ ಬಿಡು. ‘ಅಯಾನ್’ ಚಿಕ್ಕದು, ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತದೆ. ಅಯಸ್ಕಾಂತದ ಆ ಭಾಗವನ್ನು ನಿನ್ನ ಕನ್ನಡಕ್ಕೆ ತಾ. ಸಾಕ್ರಟೀಸನ ಮಾತು ಒಪ್ಪಿಗೆಯಾಗದ ಕಡೆ ಅಂಚಿನಲ್ಲಿ ಜಗಳವಾಡು. ಅಂಚಿನ ಬರಹದ ಸಮೇತ ಆ ಪುಟಗಳನ್ನು ನನಗೆ ಕಳಿಸು. ಹೊಸ ಕವಿತೆಗಳನ್ನು ಆಮೇಲೆ ಓದುತ್ತೇನೆ.

ನಿನ್ನ ಅಕ್ಕ