ರೂಟ್ ಕೆನಾಲ್ ಭರ್ತಿ: ಸೋರಿಕೆ ಹೋಲಿಸುವ ಮುನ್ನ
ಎಲ್ಲರಿಗೂ ನಮಸ್ಕಾರ. ಹಲ್ಲಿನ ಬೇರಿನೊಳಗಿನ ನಾಳ (ರೂಟ್ ಕೆನಾಲ್) ತುಂಬುವ ಎರಡು ವಿಧಾನಗಳಲ್ಲಿ ಯಾವುದು ಕಡಿಮೆ ಸೋರುತ್ತದೆ ಎಂಬ ನಾಳಿನ ಚರ್ಚೆಗೆ ಇಷ್ಟು ಓದಿಕೊಂಡು ಬನ್ನಿ. ಬಿಸಿ ಮಾಡದೆ ಪಕ್ಕಕ್ಕೆ ಒತ್ತಿ ತುಂಬುವ ಕೋಲ್ಡ್ ಲ್ಯಾಟರಲ್ ವಿಧಾನದಲ್ಲಿ ಗಟ್ಟಾ ಪರ್ಚಾ (ನಾಳ ತುಂಬುವ ರಬ್ಬರಿನಂಥ ವಸ್ತು) ಕೋನ್‌ಗಳು ಒಂದಕ್ಕೊಂದು ಬೆಸೆಯುವುದಿಲ್ಲ. ನಡುವಿನ ಸಂದನ್ನು ಸೀಲರ್ ಎಂಬ ಸಿಮೆಂಟಿನಂಥ ಲೇಪವೇ ತುಂಬಬೇಕು. ಅದು ಕರಗಿದರೆ ಬ್ಯಾಕ್ಟೀರಿಯಾಕ್ಕೆ ದಾರಿ ಸಿಕ್ಕಂತೆ. 1967ರಲ್ಲಿ ದಂತವೈದ್ಯ ಶಿಲ್ಡರ್ ವಿವರಿಸಿದ, ಬಿಸಿ ಮಾಡಿ ಮೇಲಿನಿಂದ ಒತ್ತುವ ವಾರ್ಮ್ ವರ್ಟಿಕಲ್‌ನಲ್ಲಿ ಮೆತ್ತಗಾದ ಗಟ್ಟಾ ಪರ್ಚಾ ಅಡ್ಡನಾಳಗಳಿಗೂ ಇಳಿಯುತ್ತದೆ, ಆದರೆ ತಣಿಯುವಾಗ ಕುಗ್ಗುತ್ತದೆ. ಅದಕ್ಕೇ ಪ್ಲಗರ್ (ಒತ್ತುವ ಕಡ್ಡಿಯಂಥ ಉಪಕರಣ) ಒತ್ತಿ ಹಿಡಿಯುವುದು.

ಸೋರಿಕೆ ನೋಡಲು ಎಂಟರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಬಳಸುವ ಎರಡು ಕೋಣೆಗಳ ಪ್ರಯೋಗದಲ್ಲಿ (ಮೇಲೆ ಬ್ಯಾಕ್ಟೀರಿಯಾ, ಕೆಳಗೆ ತಿಳಿ ದ್ರವ, ನಡುವೆ ಭರ್ತಿ ಮಾಡಿದ ಬೇರು) ಕೆಳಗಿನ ದ್ರವ ಕದಡಿದರೆ ಸೋರಿದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಎಂದಲ್ಲ. ಹಾಗಾಗಿ ಒಂದು ವಿಧಾನ ಗೆದ್ದಿತು ಅನ್ನುವ ಮುನ್ನ ಸ್ಮಿಯರ್ ಲೇಯರ್ (ನಾಳ ಕೆರೆಯುವಾಗ ಗೋಡೆಗೆ ಮೆತ್ತುವ ಪದರ) ತೆಗೆದಿದ್ದರೇ, ಯಾವ ಸೀಲರ್ ಬಳಸಿದ್ದರು ಎಂದು ನೋಡಿ.

ನನ್ನ ಮಟ್ಟಿಗೆ ನಾಳದ ಮೇಲೆ ಹಲ್ಲಿಗೆ ಹಾಕುವ ಮುಚ್ಚಿಗೆಯೂ ಅಷ್ಟೇ ಮುಖ್ಯ. ತಾತ್ಕಾಲಿಕ ಫಿಲ್ಲಿಂಗ್ ಹಾಕಿ ರೋಗಿಯನ್ನು ವಾರಗಟ್ಟಲೆ ಕಾಯಿಸಬೇಡಿ, ದಯವಿಟ್ಟು.